ಬರ್ಗರ್ ಅಫ್ರಿಫಾನ ಕಂಪ್ಯೂಟರ್

ಶುಕ್ರವಾರ ಬೆಳಿಗ್ಗೆ ಅಫ್ರಿಫಾನ ಟೈಪಿಂಗ್ ಅಂಗಡಿಯ ಕಂಪ್ಯೂಟರ್ ಪರದೆ ಕಪ್ಪು ಮಾಡಿಕೊಂಡು ಕೂತುಬಿಟ್ಟಿತು. ಅದೇ ಬೀದಿಯ ಮಾಮೆ ಸೆರ್ವಾಳ ತಾಯಿಯ ಶವಸಂಸ್ಕಾರ ಮರುದಿನವೇ. ಬಂದವರಿಗೆ ಹಂಚಲು ಹಾಡು, ಸತ್ತವಳ ಜೀವನಚರಿತ್ರೆ, ಫೋಟೊ ಎಲ್ಲ ಇರುವ ಪುಸ್ತಿಕೆ ಸಂಜೆಯೊಳಗೆ ಅಚ್ಚಾಗಬೇಕಿತ್ತು.

ಕುಮಾಸಿಯ ಆ ಬೀದಿಯಲ್ಲಿ ಅಫ್ರಿಫಾನಿಗೆ ಭಾರೀ ಮರ್ಯಾದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಮೂರು ವರ್ಷ ದುಡಿದು ಬಂದವನೆಂದು ಎಲ್ಲರೂ ಅವನನ್ನು 'ಬರ್ಗರ್' ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವನು ಆ ಮೂರು ವರ್ಷ ಕಳೆದದ್ದು ತಮ್ಮ ದೇಶದ್ದೇ ಆದ ತೇಮಾ ಬಂದರಿನಲ್ಲಿ, ಹ್ಯಾಂಬರ್ಗಿನಿಂದ ಬಂದ ಹಳೇ ಫ್ರಿಜ್ಜುಗಳನ್ನು ಇಳಿಸುತ್ತ.

"ಕಂಪ್ಯೂಟರ್ ನಡೆಸೋ ಓಎಸ್ಸೇ ಹೊಸದಾಗಿ ಹಾಕ್ಬೇಕು. ಅದರ ಡಿಸ್ಕ್ ಎಲ್ಲಿ?" ಎಂದ ಪಕ್ಕದಂಗಡಿಯ ರೇಡಿಯೊ ರಿಪೇರಿ ಬೋವಾಡು.

ಅಫ್ರಿಫಾ ತಲೆ ಕೆರೆದುಕೊಂಡ. ಹೊಲದ ಹಕ್ಕಿ ಓಡಿಸಲು ಹೊಳೆಯುವಂಥದ್ದೇನಾದರೂ ಕೊಡು ಎಂದಿದ್ದ ಮಾಮೆಗೆ ಹೋದ ತಿಂಗಳು ಡಿಸ್ಕುಗಳನ್ನೆಲ್ಲ ದಾನ ಮಾಡಿದ್ದ. ಓಡಿಹೋಗಿ ಅವಳ ಜೋಳದ ಹೊಲದಿಂದ ಓಎಸ್ ಡಿಸ್ಕನ್ನು ಬಿಚ್ಚಿ ತಂದ. ಬಿಸಿಲಿಗೆ ಬೆಂದಿದ್ದ ಅದನ್ನು ಕಂಪ್ಯೂಟರ್, ಕೂಸು ಕಷಾಯ ಉಗಿದಂತೆ ಉಗಿಯಿತು.

ಸುದ್ದಿ ತಿಳಿದು ಮಾಮೆಯೇ ಬಂದಳು, ಕೆಂಪು ಶೋಕವಸ್ತ್ರ ಸುತ್ತಿಕೊಂಡು, ಬೆನ್ನಿಗೆ ಅರ್ಧ ಬೀದಿ. ಒಬ್ಬಳು ಪ್ರಾರ್ಥನೆಯ ಡಿಸ್ಕ್ ತಂದಿದ್ದಳು, ಇನ್ನೊಬ್ಬ ಸಿನಿಮಾದ್ದು. "ಅದೂ ದುಂಡಗೆ, ಇದೂ ದುಂಡಗೆ. ಹಾಕಿ ನೋಡಪ್ಪ!"

"ಡಿಸ್ಕೇ ಬೇಡ, ಸ್ವಲ್ಪ ಪಕ್ಕಕ್ಕೆ ಸರಿಯಿರಿ," ಎಂದ ಬೋವಾಡು. "ಕಾರ್ಖಾನೆಯವರು ಒಳಗೇ ಒಂದು ಕಾಪಿ ಬಚ್ಚಿಟ್ಟಿರ್ತಾರೆ." ಕೀಲಿಯೊಂದನ್ನು ಒತ್ತಿ ಹಿಡಿದು ಚಾಲೂ ಮಾಡಿದ. ಪರದೆ ಬೆಳಗಿತು. ಆದರೆ ಬಂದ ಅಕ್ಷರವೆಲ್ಲ ಜರ್ಮನ್! ಜರ್ಮನಿಯಿಂದ ಹಡಗಿನಲ್ಲಿ ಬಂದ ಹಳೇ ಮಾಲು ತವರಿನ ಮಾತಿಗೇ ಮರಳಿತ್ತು.

"ಹಾಗಾದ್ರೆ ಚಿಂತೆ ಇಲ್ಲ, ನಮ್ಮ ಬರ್ಗರ್ ಇದಾನಲ್ಲ!" ಎಂದಳು ಮಾಮೆ.

ಜನ ಅಫ್ರಿಫಾನನ್ನು ಪರದೆಯ ಮುಂದೆ ತಳ್ಳಿ ಕೂರಿಸಿದರು.

"ಏನಂತೆ ಅದು?"

"ಅದು... ಮುಂದೆ ಹೋಗ್ಲಾ ಅಂತ ಕೇಳ್ತಿದೆ, ಮಾಮೆ."

ದೇವರ ಮೇಲೆ ಭಾರ ಹಾಕಿ, ದೊಡ್ಡದಾಗಿ ಕಂಡ ಗುಂಡಿಗಳನ್ನೆಲ್ಲ ಒತ್ತುತ್ತ ಹೋದ. ಒಂದು ಗಂಟೆಯ ಮೇಲೆ ಕಂಪ್ಯೂಟರ್ ಸರಿಯಾಗಿ ತೆರೆದುಕೊಂಡಿತು! ಬೀದಿ ಚಪ್ಪಾಳೆ ತಟ್ಟಿತು. ಸಂಜೆಗೆ ಪುಸ್ತಿಕೆಯೂ ಕೈಸೇರಿತು. ಮಾನ ಉಳಿಯಿತೆಂದು ಅಫ್ರಿಫಾ ನಿಟ್ಟುಸಿರು ಬಿಟ್ಟ.

ಮಾಮೆ ಅವನ ಕೈ ಹಿಡಿದುಕೊಂಡಳು. "ನೀನು ಜರ್ಮನ್ ಓದಿದ್ದನ್ನ ಕಣ್ಣಾರೆ ನೋಡಿದೆ, ಧೈರ್ಯ ಬಂತು. ನನ್ನ ತಮ್ಮನ ಜರ್ಮನ್ ಅತ್ತೆ ನಾಳೆ ಬೆಳಿಗ್ಗೆ ಮಗಳನ್ನ ಬಿಟ್ಟು ಒಬ್ಬರೇ ಬರ್ತಾರೆ, ಬೇರೆ ಭಾಷೆ ಒಂದಕ್ಷರ ಬರಲ್ಲ. ತಮ್ಮನಿಗೆ ಬಂದೋರ ಕೈಕುಲುಕೋದೇ ಕೆಲಸ. ಸಂಸ್ಕಾರದ ಮೂರು ದಿನವೂ ನೀನೇ ಅವರ ಪಕ್ಕ ಕೂತು ಮಾತಾಡಿಸ್ಬೇಕು ಕಣಪ್ಪ."

ಅವಳು ಹೋದದ್ದೇ ತಡ, ಅಫ್ರಿಫಾ ಬೋವಾಡುವನ್ನು ಮೂಲೆಗೆಳೆದ. ಅಫ್ರಿಫಾನ ಕಣ್ಣಲ್ಲಿ ಆಸೆ ಇನ್ನೂ ಆರಿರಲಿಲ್ಲ.

"ಬೋವಾಡಣ್ಣ, ನನ್ನೊಳಗೂ ಒಂದು ಜರ್ಮನ್ ಕಾಪಿ ಬಚ್ಚಿಟ್ಟಿದಾರಾ, ಸ್ವಲ್ಪ ಒತ್ತಿ ನೋಡಣ್ಣ!"