ತಾರೀಖಷ್ಟ ತಿದ್ರಿ, ಸಾಕು

ಅಕ್ಕಲಕೋಟದ ಸರಕಾರಿ ಆಫೀಸಿನ್ಯಾಗ ನನ್ನ ಕೆಲಸ ಅಂದ್ರ ವರದಿ ಟೈಪ್ ಮಾಡೂದು, ಸಾಹೇಬ್ರ ಸಹಿ ತಗೊಳ್ಳೂದು. ನಡುವ ಒಮ್ಮೆ ಓದೂದು ಅಂತ ಇನ್ನೊಂದು ಕೆಲಸ ಅದ. ಅದನ್ನ ಯಾರೂ ಮಾಡೂದಿಲ್ಲ. ಹಿಂಗಾಗಿ ನಗೂದಕ್ಕ ನಮಗೆಂದೂ ಬರ ಬಂದಿಲ್ಲ.

ಸಾಹೇಬ್ರು ಸೊಲ್ಲಾಪುರದವ್ರು. ದಿನಾ ಎಸ್‌ಟಿ ಬಸ್ಸಿನ್ಯಾಗ ಕುಲುಕಿಸ್ಕೋತ ಬರ್ತಿದ್ರು. ತಮ್ಮ ಊರಿಗೆ ಬದಲಿ, ಅಂದ್ರ ವರ್ಗಾವಣಿ, ಆಗಬೇಕು, ಮಧ್ಯಾಹ್ನ ಮನ್ಯಾಗ ಬಿಸಿ ರೊಟ್ಟಿ ಉಣಬೇಕು ಅನ್ನೂದೊಂದ ಅವರ ಆಸೆ. ವರದಿ ಯಾವದ ಇರಲಿ, ಹೆಣ್ಮಗಳಾದ ನನಗ ಅವರು ಹೇಳೂ ಮಂತ್ರ ಒಂದ: “ಬಾಯಾರ, ಹಳೇದು ತಗೀರಿ, ತಾರೀಖಷ್ಟ ತಿದ್ರಿ, ಸಾಕು.”

ಬಾವಿ

ಹನ್ನೂರ ಕಡಿ ಒಂದು ಹಳ್ಳಿ ಬಾವಿದು ವರ್ಷಾ ತಪಾಸಣಿ ವರದಿ ಹೋಗಬೇಕು. ಹಳೇದು ತಗದ್ವಿ, ತಾರೀಖ ತಿದ್ದಿದ್ವಿ. ಬಾವಿ ಸುಸ್ಥಿತಿಯಲ್ಲಿದೆ, ನೀರು ಸ್ವಚ್ಛವಿದೆ.

ಅಷ್ಟ್ರಾಗ ಆ ಊರ ಸರಪಂಚ ಬಂದ. “ಸಾಹೇಬ್ರ, ಆ ಬಾವಿ ಮುಚ್ಚಿ ಮ್ಯಾಲ ಸಮಾಜ ಮಂದಿರ ಕಟ್ಟೀವಲ್ರಿ! ಉದ್ಘಾಟನಾ ನೀವ ಮಾಡೀರಿ!”

ಸಾಹೇಬ್ರು ಜರಾ ತಲಿ ಕೆರಕೊಂಡ್ರು. “ಬಾಯಾರ, ಒಂದು ಸಾಲು ಹೆಚ್ಗಿ ಹಾಕ್ರಿ. ಬಾವಿಗೆ ಛಾವಣಿ ಹಾಕಲಾಗಿದೆ.”

ಸಾಲಿ ಮಾಳಿಗಿ

ಒಬ್ಬ ಹೆಡ್ ಮಾಸ್ತರ ಸಾಲಿ ಮಾಳಿಗಿ ಸೋರತದ ಅಂತ ವರದಿ ತಂದ. ನಾಕು ಪಾನ, ಅಂದ್ರ ನಾಕು ಪುಟ! ಮೂರು ಪಾನ ಸಂಸ್ಕಾರ, ಸಂಸ್ಕೃತಿ, ಮಕ್ಕಳ ಮನಸ್ಸೆಂಬ ಹೂದೋಟ. ಮಾಳಿಗಿ ಬರೂದು ಕಡೀ ಪಾನದ ಬುಡಕ್ಕ.

“ಗುರೂಜಿ, ಸೋರತದ ಅಂತ ಮೊದಲನೇ ಸಾಲಿನ್ಯಾಗ ಬರೀರಲ್ಲ,” ಅಂದೆ.

“ಛೇ ಛೇ, ಅಷ್ಟು ಸೀದಾ ಬರದ್ರ ಸಾಹೇಬ್ರಿಗೆ ಉದ್ಧಟತನ ಅನ್ಸೂದಿಲ್ಲೇನ್ರಿ?”

ಸಾಹೇಬ್ರು ಮೊದಲನೇ ಪಾನ ಅರ್ಧಾ ಓದಿದ್ರು, ಕಣ್ಣು ಒರಸಿಕೊಂಡ್ರು, ಆದರ್ಶ ಸಾಲಿ ಅಂತ ಪ್ರಮಾಣಪತ್ರ ಕೊಟ್ರು. ಈಗ ಮಳಿ ಬಂದ್ರ ಹುಡುಗರು ಪಾಟೀಚೀಲ ತಲಿಮ್ಯಾಲ ಇಟ್ಕೊಂಡು ಕೂಡ್ತಾವ. ಛತ್ರಿ ಪ್ರಮಾಣಪತ್ರಕ್ಕ ಹಿಡದಾರ.

ಬದಲಿ

ಕಡೀಕ ಸಾಹೇಬ್ರ ಬದಲಿ ಕಾಗದಾನ ತಯಾರ ಮಾಡೂ ಪಾಳಿ ಬಂತು. ಬದಲಿ ಯಾಕ ಬೇಕು ಅಂತ ಕಾರಣ ಕೊಟ್ಟು ವರದಿ ಬರೀಬೇಕು.

“ನನಕಿಂತ ಮೊದಲಿದ್ದ ಮ್ಯಾಡಮ್ಮಂದು ಫೈಲಿನ್ಯಾಗ ಅದಲ್ಲ? ಅವರಿಗೆ ಲಗೂನ ಬದಲಿ ಆಗಿತ್ತು. ಅದನ್ನ ತಗೀರಿ, ಹೆಸರು, ತಾರೀಖ ತಿದ್ರಿ.”

“ಸಾಹೇಬ್ರ, ಒಮ್ಮೆ ಓದರೆ ಓದ್ರಿ. ಅವರ ಕಾರಣ ಬ್ಯಾರೆ ಇತ್ತು.”

“ಓದ್ಕೋತ ಕುಂತ್ರ ಸಹಿ ಯಾವಾಗ ಮಾಡ್ಲಿ, ಬಾಯಾರ?”

ನನಗೂ ಸಿಟ್ಟು ಬಂತು. ಹಾಳಾಗಿ ಹೋಗ್ಲಿ ಅಂತ ಹೆಸರು, ತಾರೀಖ ಅಷ್ಟ ತಿದ್ದಿ, ಸಹಿ ತಗೊಂಡು ಕಳಿಸಿಬಿಟ್ಟೆ.

ಮ್ಯಾಲಿನವ್ರೂ ನಮ್ಮ ಸಾಹೇಬ್ರ ತಮ್ಮಂದ್ರ ಇರಬೇಕು, ಆದೇಶ ಬಂದೇಬಿಡ್ತು! ಸಾಹೇಬ್ರು ಪೇಢೆ ಹಂಚಿ, ಎಲ್ಲಾರ ಮುಂದ ನಿಂತು, ಜನ್ಮದಾಗ ಮೊದಲನೇ ಸಲ ಒಂದು ಕಾಗದ ಪೂರಾ ಓದಿದ್ರು: “ಸದರಿ ಅಧಿಕಾರಿಯ ಎದೆಹಾಲು ಕುಡಿಯುವ ಕೂಸಿನ ಹಿತದೃಷ್ಟಿಯಿಂದ ಸೊಲ್ಲಾಪುರಕ್ಕೆ ಬದಲಿ ಮಂಜೂರು. ಕೂಸಿಗೆ ಹಾಲುಣಿಸಲು ಮಧ್ಯಾಹ್ನ ಮನೆಗೆ ಹೋಗಲು ಪರವಾನಗಿ.”

ಆಫೀಸಿನ ಸಿಪಾಯಿ ಬಾಯಾಗಿನ ಪೇಢೆ ಅಲ್ಲೇ ನಿಂತಿತು. ಸಾಹೇಬ್ರು ತಮ್ಮ ಮೀಸಿ ಮ್ಯಾಲ ಕೈಯಾಡಿಸಿಕೊಂಡ್ರು.

“ದುರುಸ್ತಿಗೆ ವಾಪಸ್ ಕಳಸಲೇನ್ರಿ?” ಅಂದೆ. “ಕೂಸಿಲ್ಲಂದ್ರ ಬದಲೀನೂ ಇಲ್ಲ ಅಂತಾರ, ನೋಡ್ರಿ ಮತ್ತ.”

ಸಾಹೇಬ್ರು ಖಿಡಕ್ಯಾಗ ಕಾಣೂ ಎಸ್‌ಟಿ ಬಸ್ಸು ಒಮ್ಮೆ ನೋಡಿದ್ರು. ಕಾಗದ ಸಾವಕಾಶ ಮಡಚಿ ಕಿಸೆದಾಗ ಇಟ್ಕೊಂಡ್ರು.

“ಏನ್ ತಪ್ಪಾಗ್ಯಾದ್ರಿ ಇದರಾಗ? ತಾರೀಖ ಸರಿ ಅದಲ್ಲ!”