ಬೀಗರ ಹಿಂದಿನ ಚಕ್ರ

ನಮ್ಮ ಬೀಗರ ಕೈಗೆ ಸಿಕ್ಕ ಯಾವ ವಸ್ತುವಿಗೂ ಸಾಯುವ ಸ್ವಾತಂತ್ರ್ಯವಿಲ್ಲ. ಹರಿದ ಚಪ್ಪಲಿ, ಹಿಡಿ ಕಳೆದುಕೊಂಡ ಬಾಣಲೆ, ಕಡ್ಡಿ ಮುರಿದ ಕೊಡೆ, ಎಲ್ಲವೂ ಹೆಗ್ಗನಹಳ್ಳಿಯ ಅವರ ಮನೆಯಲ್ಲಿ ಮತ್ತೆ ಮತ್ತೆ ಜನ್ಮ ಎತ್ತುತ್ತಲೇ ಇರುತ್ತವೆ. ಪಾಪ, ಅವಕ್ಕೆ ಮೋಕ್ಷ ಎಂದು? ಹಾಗಂತ ಬೀಗರು ಬಡವರು ಎಂದುಕೊಳ್ಳಬೇಡಿ. ಹೊಲವಿದ್ದ ಜಾಗದಲ್ಲಿ ಈಗ ಅವರದೇ ಕಟ್ಟಡ, ತುಂಬ ಬಾಡಿಗೆದಾರರು. ಆದರೆ ಬಾಡಿಗೆದಾರರು ಬಿಸಾಡಿದ ಒಡಕು ಬಕೆಟ್ಟನ್ನು ಎತ್ತಿ ತಂದು ತಳಕ್ಕೆ ಟಾರು ಮೆತ್ತುವ ಮಾಲೀಕರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ನನ್ನ ಮಗಳನ್ನು ನೋಡಲು ಬಸವೇಶ್ವರನಗರದ ನಮ್ಮ ಮನೆಗೆ ಬಂದ ದಿನ ಮಿಕ್ಕವರೆಲ್ಲ ಕಾರಿನಲ್ಲಿ ಬಂದರು. ಗಂಡಿನ ತಂದೆ ಎಲ್ಲಿ ಎಂದರೆ, ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದಾರೆ ಎಂದರು. ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ನಮ್ಮ ಗೇಟು ಕಿರ್ ಎಂದದ್ದು ಅವರ ಕಿವಿಗೆ ಬಿದ್ದುಬಿಟ್ಟಿತ್ತು. ಕೊಬ್ಬರಿ ಎಣ್ಣೆ ಕೇಳಿ ಪಡೆದು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮಗಳು ಕಾಫಿ ಲೋಟವನ್ನು ಗೇಟಿನ ತನಕ ಹೊತ್ತುಕೊಂಡು ಹೋಗಿ ಕೊಡಬೇಕಾಯಿತು! ಹುಡುಗಿ ಒಪ್ಪಿಗೆಯೇ ಎಂದು ನಾನು ಅಂಜುತ್ತಾ ಕೇಳಿದೆ. “ಗೇಟು ಸರಿಹೋಯ್ತು,” ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡು ಲಗ್ನ ಇಡಿಸಿದೆವು.

ಆ ಲಗ್ನದಿಂದ ನನಗೆ ಸಿಕ್ಕಿದ್ದು ಮೊಮ್ಮಗಳು ಪುಟ್ಟಿ. ಅವಳ ವಿಷಯ ಶುರು ಮಾಡಿದರೆ ನಿಲ್ಲಿಸುವುದು ಹೇಗೋ ನನಗೆ ಗೊತ್ತಿಲ್ಲ. ಅವಳು ಸೀನಿದರೂ ಹಬ್ಬ, ಆಕಳಿಸಿದರೂ ಹಬ್ಬ. ಅಂಥ ಹಬ್ಬವನ್ನು ದಿನಾ ಬೆಳಗ್ಗೆ ನರ್ಸರಿಗೆ ಕರೆದುಕೊಂಡು ಹೋಗುವ ಭಾಗ್ಯ ಬೀಗರದು. ಕ್ಯಾರಿಯರಿನ ಮೇಲೆ ಪುಟ್ಟ ಬೆತ್ತದ ಕುರ್ಚಿ ಕಟ್ಟಿ ಅದರಲ್ಲಿ ಅವಳನ್ನು ಕೂರಿಸಿಕೊಂಡು ಹೋಗುತ್ತಾರೆ. ಅವಳ ಬಾಯಲ್ಲಿ ಅವರು ‘ಸೈಕಲ್ ತಾತ’. ನಾನು? ‘ಬರೀ ತಾತ’. ಹೊಟ್ಟೆ ಉರಿಯುವುದಿಲ್ಲವೇ ನೀವೇ ಹೇಳಿ.

ಆ ಸೈಕಲ್ಲಿನ ಹಿಂದಿನ ಚಕ್ರ ನೋಡಬೇಕು ನೀವು. ರಿಮ್ಮು ಸವೆದು ತಗಡಾಗಿತ್ತು. ಕಡ್ಡಿಗಳಲ್ಲಿ ಅರ್ಧ ಸಡಿಲ, ಕೆಲವು ನಾಪತ್ತೆ. ಬೀಗರು ನೇರಕ್ಕೆ ಹೊರಟರೆ ಚಕ್ರ ಪಕ್ಕದ ಮನೆಯವರನ್ನು ಮಾತಾಡಿಸಿಕೊಂಡು ಬರುತ್ತಿತ್ತು. ಒಂದು ದಿನ ಮುರಿದ ಕಡ್ಡಿಯೊಂದು ಹೊರಚಾಚಿ ಪುಟ್ಟಿಯ ಲಂಗದ ಅಂಚನ್ನು ಕಿತ್ತುಕೊಂಡಿತು. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನನ್ನ ಮಗಳು ಮಾವನ ಎದುರು ಯಾವತ್ತೂ ಮಾತಾಡದವಳು, ಆವತ್ತು ಮೆಲ್ಲಗೆ, “ಮಾವ, ಚಕ್ರ ಸರಿಯಾಗೋವರೆಗೂ ಪುಟ್ಟಿ ಆಟೋದಲ್ಲಿ ಹೋಗ್ಲಿ,” ಎಂದಳಂತೆ.

ಅಲ್ಲಿಗೆ ಶುರುವಾಯಿತು ನನ್ನ ಕಷ್ಟಕಾಲ. ಹೊಸ ಚಕ್ರ ಹಾಕಿಸಿದರೆ ಮುಗಿಯಿತಲ್ಲ ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಹೆಣ್ಣು ಕೊಟ್ಟವನು ಬೀಗರಿಗೆ ಬುದ್ಧಿ ಹೇಳಲಾದೀತೇ? “ಸ್ವಲ್ಪ ಹಿಡ್ಕೊಳ್ಳಿ ಬನ್ನಿ ಬೀಗರೇ” ಎಂದು ಫೋನು ಬಂದರೆ ಬಸ್ಸು ಹತ್ತಬೇಕು. ಅವರು ಚಕ್ರವನ್ನು ಬಾಗಿಲ ಚಪ್ಪಡಿಗೆ ಒರಗಿಸಿ ಸುತ್ತಿಗೆಯಲ್ಲಿ ಬಡಿದರು, ನಾನು ಹಿಡಿದುಕೊಂಡೆ. ಕಡ್ಡಿಗಳಿಗೆ ಕಟ್ಟುಕಂಬಿ ಸುತ್ತಿದರು, ನಾನು ಹಿಡಿದುಕೊಂಡೆ. ಎಡಕ್ಕೆ ಬಾಗಿದ್ದು ಬಲಕ್ಕೆ ಬಾಗಿತು. ನನ್ನ ಸೊಂಟ ಮಾತ್ರ ಯಾವ ಕಡೆಗೂ ಬಾಗದಂತಾಯಿತು.

ಆಮೇಲೆ ಗಟ್ಟಿಮುಟ್ಟಾದ ಹಳೇ ಚಕ್ರ ಸಿಗುತ್ತದೆ ಎಂದು ನಾಯಂಡಹಳ್ಳಿಯ ಗುಜರಿ ಸಾಲಿಗೆ ಎಳೆದುಕೊಂಡು ಹೋದರು. ಗೋಡೌನು ಗೋಡೌನು ಹೊಕ್ಕು, ಸಿಕ್ಕ ಚಕ್ರವನ್ನೆಲ್ಲ ಬೆರಳ ಮೇಲೆ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ತಲೆಯಾಡಿಸಿ ಇಟ್ಟರು. ಬಿಸಿಲಿನಲ್ಲಿ ನನ್ನ ನಾಲಿಗೆ ಒಣಗಿ ಹೋಯಿತು. ಸಾಯಂಕಾಲ ವಾಪಸು ಬಂದಾಗ ಅವರ ಕೈಯಲ್ಲಿ ಇದ್ದದ್ದು ಬಾಣಲೆಗೆ ಹೊಂದುವ ಒಂದು ಹಿಡಿ! ಮುಖದಲ್ಲಿ ಮಾತ್ರ ದಿಗ್ವಿಜಯ ಮುಗಿಸಿ ಬಂದ ಕಳೆ.

ಕೊನೆಗೆ ಸುಂಕದಕಟ್ಟೆಯ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವನು ರಾಯಚೂರಿನ ಕಡೆಯವನು. ಚಕ್ರ ನೋಡಿ, “ಗಾಲಿ ಭಾಳ ದಣದೈತ್ರಿ ಯಜಮಾನ್ರ. ಕಡ್ಡಿ ಹಾಕಿ ಎಳದು ಕೊಟ್ರ ಒಂದಷ್ಟು ತಿಂಗ್ಳು ಓಡ್ತೈತಿ. ಹೊಸಾದು ಹಾಕಿದ್ರ ಹತ್ತು ವರ್ಷ ಚಿಂತಿಲ್ಲ. ಯಾವ್ದು ಮಾಡ್ಲಿ ಹೇಳ್ರಿ,” ಎಂದ. ದಣಿದದ್ದು ಗಾಲಿ ಒಂದೇ ಅಲ್ಲಪ್ಪಾ ಎಂದುಕೊಂಡೆ. ಬೀಗರು ಯಾಕೋ ಮಂಕಾದರು. ಮೊದಲು ಬಿಚ್ಚಿ ನೋಡು ಎಂದು ಬೀಗದ ಕೈ ಅವನಿಗೆ ಕೊಟ್ಟು, ನಮಗೆ ಟೀ ತರಲು ಹೋದರು. ಪಕ್ಕದಲ್ಲೇ ನಿಂತಿದ್ದರೂ ಸೈಕಲ್ಲಿಗೆ ಬೀಗ ಹಾಕುವವರು ಅವರು.

ಆ ಬೀಗ ತೆಗೆಯಲು ಬರಲಿಲ್ಲ. ಅದರ ಸರಳು ಕಡ್ಡಿಗಳ ನಡುವೆ ತೂರಿ ಕೂತಿತ್ತು. ಅದು ಬಿಡದೆ ಚಕ್ರ ಕಳಚುವಂತಿಲ್ಲ. ಅಷ್ಟರಲ್ಲಿ ನಮ್ಮವಳ ಫೋನು, ಊಟಕ್ಕೆ ಯಾಕೆ ಬರಲಿಲ್ಲ ಎಂದು. ಬೀದಿಯ ಸದ್ದಿಗೆ ನಾನು ಕೂಗಿ ಹೇಳಿದೆ: “ಚಕ್ರದ್ದೇನಿಲ್ಲ ಕಣೇ, ಬೀಗಾನೇ ತೊಂದ್ರೆ. ತುಕ್ಕು ಹಿಡಿದು ಕೂತಿದೆ. ಎಣ್ಣೆ ಬಿಟ್ರೂ ಬಗ್ತಿಲ್ಲ, ಒದ್ದಿದ್ದೂ ಆಯ್ತು. ಇನ್ನು ಗರಗಸ ತಗೊಂಡು ಕುಯ್ಯೋದೇ.”

ಆ ಕಡೆಯಿಂದ ನಮ್ಮವಳು ಕಿರುಚಿದಳು. “ಬೀಗರಿಗೆ ಒದ್ದ್ರೇನ್ರೀ? ಮಗಳು ಆ ಮನೇಲಿ ಬಾಳ್ಬೇಕು ಕಣ್ರೀ!”

ಅರ್ಥವಾಗಿ ತಿರುಗಿ ನೋಡುತ್ತೇನೆ, ಬೀಗರು ಎರಡು ಲೋಟ ಟೀ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ! ‘ಬೀಗರು’ ಎನ್ನಲಿಲ್ಲ, ‘ಬೀಗ’ ಎಂದೆ. ‘ಕೂತಿದ್ದಾರೆ’ ಎನ್ನಲಿಲ್ಲ, ‘ಕೂತಿದೆ’ ಎಂದೆ. ಅವರು ಲೋಟಗಳನ್ನು ಸ್ಟೂಲಿನ ಮೇಲೆ ಮೆಲ್ಲಗೆ ಇಟ್ಟು, ಸೈಕಲ್ಲನ್ನೂ ಬಿಟ್ಟು, ನಡೆದೇ ಮನೆಗೆ ಹೋದರು. ನಾನು ಹಿಂದೆ ಕೂಗಿಕೊಂಡು ಹೋದದ್ದೆಲ್ಲ ಮಾಗಡಿ ರಸ್ತೆಯ ಬಸ್ಸುಗಳಿಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ.

ಸಂಜೆ ಮಗಳು ಫೋನು ಮಾಡಿದಳು. ಮಾವ ಕಾಫಿ ಮುಟ್ಟಿಲ್ಲ, ಜಗಲಿಯಲ್ಲೇ ಕೂತಿದ್ದಾರೆ, ಪುಟ್ಟಿ ಮಾತ್ರ ಪಕ್ಕದಲ್ಲಿದ್ದಾಳೆ. ಸೈಕಲ್ಲು ಇನ್ನು ಬೇಡ, ಮಾರಿಬಿಡೋಣ ಎಂದರಂತೆ. ಬೀಗರು ಒಂದು ವಸ್ತುವನ್ನು ಬೇಡ ಎನ್ನುವುದೇ?

ಬೆಳಗಾಗುತ್ತಲೇ ಅಂಗಡಿಗೆ ಹೋಗಿ, ಕುಯ್ದು ತೆಗೆದಿದ್ದ ಬೀಗವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಅವರ ಜಗಲಿಗೆ ಹೋದೆ. ಮುಂದೆ ಬಿಚ್ಚಿಟ್ಟು, “ನಾನು ಅಂದಿದ್ದು ಇದನ್ನ ಬೀಗರೇ,” ಎಂದೆ. ಅವರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. “ಅಯ್ಯೋ, ಕುಯ್ದೇಬಿಟ್ರಾ? ಒಂದು ರಾತ್ರಿ ಸೀಮೆಎಣ್ಣೇಲಿ ನೆನೆ ಹಾಕಿದ್ರೆ ಸರಿಹೋಗ್ತಿತ್ತಲ್ಲ,” ಎಂದರು. ಬೀಗವನ್ನು ತಮ್ಮ ತಗಡಿನ ಡಬ್ಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನಡೀರಿ ಅಂಗಡಿಗೆ ಎಂದರು.

ಇನ್ನೇನು, ಕಡ್ಡಿ ಎಳೆಸುವುದನ್ನು ಮಧ್ಯಾಹ್ನದ ತನಕ ನಿಂತು ನೋಡಬೇಕು ಎಂದು ನಾನು ಒಂದು ಟೈರಿನ ಮೇಲೆ ಕೂತೆ. ಬೀಗರು ಅಂಗಡಿಯವನಿಗೆ, “ಹೊಸದೇ ಹಾಕಪ್ಪ,” ಎಂದರು. ಕೂತವನು ಎದ್ದುಬಿಟ್ಟೆ.

ಚಕ್ರ ಕೂತಿತು. ಬೆತ್ತದ ಕುರ್ಚಿ ಕಟ್ಟುವ ಮುಂಚೆ ಕ್ಯಾರಿಯರು ತಟ್ಟಿ ತೋರಿಸಿ, ಮೊದಲು ನೀವು ಕೂರಿ, ಭಾರ ತಡೆಯುತ್ತದೋ ನೋಡೋಣ ಎಂದರು. ಮಗುವಿಗೆ ಮೊದಲು ನಾನು ಪರೀಕ್ಷೆಯ ಮೂಟೆ! ಹೆಣ್ಣು ಕೊಟ್ಟವನು ಇಲ್ಲ ಎನ್ನಲಾದೀತೇ? ಹತ್ತಿ ಕೂತೆ. ಇಬ್ಬರು ಮುದುಕರು ಒಂದೇ ಸೈಕಲ್ಲಿನಲ್ಲಿ ಹೆಗ್ಗನಹಳ್ಳಿ ಕಡೆ ಹೊರಟರೆ ಬೀದಿ ನಗದೆ ಇರುತ್ತದೆಯೇ? ಚಕ್ರ ಮಾತ್ರ ಎಣ್ಣೆಯ ಧಾರೆಯಂತೆ ನೇರ ಹೋಗುತ್ತಿತ್ತು. ಇದನ್ನು ಮೊದಲೇ ಹಾಕಿಸದೆ ಯಾಕಿಷ್ಟು ಎಳೆದಾಡಿದಿರಿ ಎಂದು ಕೇಳಿದೆ.

ಅವರು ತಿರುಗದೆ ತುಳಿಯುತ್ತಲೇ ಹೇಳಿದರು:

“ಹತ್ತು ವರ್ಷ ಬರುತ್ತೆ ಅಂದ್ನಲ್ಲ ಅವ್ನು. ಮೊದ್ಲಿಂದ ನಂಗದೇ ಯೋಚ್ನೆ. ಹತ್ತು ವರ್ಷ ತುಳಿಯೋಕೆ ನಾನೆಲ್ಲಿರ್ತೀನಿ ಬೀಗರೇ? ನನ್ನ ಪಾಲಿಗೆ ರಿಪೇರಿ ಸಾಕು ಅನ್ನಿಸ್ತಿತ್ತು.”

ಅವರು ಬೆಲ್ಲು ಬಾರಿಸಿ ಒಂದು ಗುಂಡಿ ತಪ್ಪಿಸಿದರು.

“ನೆನ್ನೆ ಪುಟ್ಟಿ ಜಗಲೀಲಿ ನನ್ನ ಪಕ್ಕ ಕಾಲು ಚಾಚ್ಕೊಂಡು ಕೂತಿದ್ಲು. ಗೇಣು ಹಾಕಿ ಅಳೆದೆ. ಈ ಚಕ್ರ ಸವೆಯೋದ್ರೊಳಗೆ ಅವಳ ಕಾಲು ಪೆಡ್ಲಿಗೆ ಎಟುಕುತ್ತೆ.”

ಮುಂದೆ ಏರು ಬಂತು. ಅವರ ಉಸಿರು ನನಗೆ ಕೇಳಿಸತೊಡಗಿತು. ನಾನು ಸದ್ದು ಮಾಡದೆ ಕ್ಯಾರಿಯರಿನಿಂದ ಕೆಳಗಿಳಿದು, ಎರಡೂ ಕೈ ಕೊಟ್ಟು ತಳ್ಳುತ್ತಾ ನಡೆದೆ.

“ನೋಡಿದ್ರಾ, ಏರಲ್ಲೂ ಎಷ್ಟು ಹಗುರ ಇದೆ,” ಎಂದರು ಬೀಗರು.

ಹೌದು ಬೀಗರೇ ಎಂದು ಇನ್ನಷ್ಟು ಬಲವಾಗಿ ತಳ್ಳಿದೆ.