ಒದ್ದೆ ತೋಟಕ್ಕೆ ನೀರು ಬಿಡಿಸಿದ ಸೇತುವೆ ಪ್ರೋಗ್ರಾಮಿಗೆ

ಮಾನ್ಯ ಸೇತುವೆ ಪ್ರೋಗ್ರಾಮ್ ಮಹಾಶಯರೇ,

ಕೊಯಮತ್ತೂರಿನ ನಮ್ಮ ಕೃಷಿ ಸಂಶೋಧನಾ ಕಚೇರಿಯ ಕಂಪ್ಯೂಟರಿನಲ್ಲಿ ಬಾಡಿಗೆಯಿಲ್ಲದೆ ಸುಖವಾಗಿರುವ ತಮಗೆ, ದಾವಣಗೆರೆಯಿಂದ ಬಂದು ತಮ್ಮ ಚಾಕರಿಗೆ ನಿಂತಿರುವ ಎಂಜಿನಿಯರ್ ಭೂಮಿಯ ಅನಂತ ನಮಸ್ಕಾರಗಳು.

ಮಣ್ಣಿಗೆ ಎಷ್ಟು ನೀರು ಬೇಕೆಂದು ಲೆಕ್ಕ ಹಾಕುವ ಹಳೆಯ ಪ್ರೋಗ್ರಾಮ್ ಹಿರಿಯರು ಫೋರ್ಟ್ರಾನ್ ಭಾಷೆಯವರು, ರೈತರ ಫೋನಿಗೆ ಸಂದೇಶ ಕಳಿಸುವ ಕಿರಿಯರು ಪೈಥಾನ್ ಭಾಷೆಯವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನಡುವೆ ಮಾತು ದಾಟಿಸುವ ತಾವಾದರೋ ಮದುವೆ ದಲ್ಲಾಳಿಯಂತೆ ಯಾವ ಕಡೆಯ ಕೊರತೆಯನ್ನೂ ಬಾಯಿಬಿಡದ ಸಂಭಾವಿತರು. ಆ ದಾಕ್ಷಿಣ್ಯವೇ ನನ್ನ ಹೊಟ್ಟೆ ಉರಿಸಿದೆ.

ತೋಟ ಸುತ್ತಿ ತೇವ ಅಳೆದು ತರುವ ನಮ್ಮ ಕುಪ್ಪುಸಾಮಿಯವರದು ಧಾನ್ಯ ಅಳೆಯುವ ಮನೆತನ. ಅಲ್ಲಿ ಮೊದಲ ಪಡಿಯನ್ನು ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎಣಿಕೆ ಎರಡರಿಂದ ಮುಂದಕ್ಕೆ ಸಾಗುತ್ತದೆ. ಅವರು ದಿನದಿನವೂ ಮೊದಲ ತೋಟದ ಕ್ರಮಸಂಖ್ಯೆಯ ಜಾಗದಲ್ಲಿ ಭಕ್ತಿಯಿಂದ ಲಾಭ ಎಂದೇ ಟೈಪು ಮಾಡಿದರು. ಅಂಕಿಯ ಜಾಗದಲ್ಲಿ ಅಕ್ಷರ ಕಂಡರೆ ಫೋರ್ಟ್ರಾನ್ ಹಿರಿಯರಿಗೆ ಮೈಮೇಲೆ ದೇವರು ಬಂದು ಕೆಲಸವೇ ನಿಂತುಹೋಗುತ್ತದೆ. ನಿಲ್ಲಲಿ ಬಿಡಿ ಸ್ವಾಮಿ, ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು! ತಾವು ಹಾಗಾಗಗೊಡದೆ ಆ ಸಾಲನ್ನು ಸದ್ದಿಲ್ಲದೆ ಅಳಿಸಿ, ಉಳಿದ ಒಣ ತೋಟಗಳ ಸರಾಸರಿಯನ್ನು ಅಲ್ಲಿ ಕೂರಿಸಿ, ಎಲ್ಲವೂ ಕ್ಷೇಮ ಎಂದು ಪರದೆಯ ಮೇಲೆ ಹಸಿರಕ್ಷರದಲ್ಲಿ ಬರೆದಿರಿ.

ಆ ಮೊದಲ ತೋಟ ತೊಂಡಾಮುತ್ತೂರಿನ ಸುಬ್ಬಾತಾಳ್ ಅಮ್ಮನದು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ. ಬೆಟ್ಟದ ಕಡೆಯ ಮಳೆಗೆ ಮೊದಲೇ ನೆನೆದಿದ್ದ ಅವರ ಚಿಕ್ಕ ಈರುಳ್ಳಿಗೆ, ನೀರು ಬಿಡಿ ಎಂದು ತಮ್ಮ ಕೃಪೆಯಿಂದ ದಿನವೂ ಸಂದೇಶ ಹೋಯಿತು. ಅವರು ಬಿಟ್ಟರು. ಅರ್ಧ ಬೆಳೆ ಮಣ್ಣಿನಲ್ಲೇ ಕೊಳೆಯಿತು. ನಾನು ಓಡಿಹೋಗಿ, ಮಣ್ಣು ಒದ್ದೆಯಿದ್ದದ್ದು ಕಾಣಲಿಲ್ಲವೇ ಎಂದು ಕೇಳಿದರೆ, "ಕಂಡೆ ಸಾಮಿ. ಆದ್ರೆ ನಮ್ಮ ಮಾತಾಡೋ ಪೊಣ್ಣು ನೀನು ಕಳ್ಸಿರೋದು, ಸುಳ್ಳಾ ಇರಾದಿಲ್ಲ ಅಂತ ತಣ್ಣಿ ಬುಟ್ಟೆ" ಎಂದರು.

ಆದ್ದರಿಂದ ತಾವು ದಯಮಾಡಿ ತೊಂಡಾಮುತ್ತೂರಿನ ಬಸ್ಸು ಹತ್ತಿ, ಉಳಿದರ್ಧ ಈರುಳ್ಳಿಯ ಪಾತಿಯಲ್ಲಿ ಬರಿಗಾಲಲ್ಲಿ ನಿಂತು, ಕೆಸರು ಅಂಟುತ್ತದೆಯೇ ಎಂದು ನೋಡಿ, ಆಮೇಲೆ ಸರಾಸರಿ ತೆಗೆಯಬೇಕಾಗಿ ಪ್ರಾರ್ಥನೆ. ಬಿಡುವಿಲ್ಲದಿದ್ದರೆ, ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎನ್ನುವಷ್ಟಾದರೂ ಮರ್ಯಾದೆಗೆಡಬೇಕು.

ಇನ್ನೂ ಕೆಲಸ ಬಿಡಲಾಗದ ತಮ್ಮ ವಿಶ್ವಾಸಿ,
ಭೂಮಿ

ತಾ.ಕ.: ಈಗ ನಾನು ಬೆಳಿಗ್ಗೆ ಸುಬ್ಬಾತಾಳ್ ಅಮ್ಮನಿಗೆ ಫೋನು ಮಾಡಿ, ಮಣ್ಣು ಹೇಗಿದೆ ಎಂದು ಕೇಳಿ, ಅವರು ಹೇಳಿದ್ದನ್ನೇ ತಮ್ಮ ಬಾಯಿಗೆ ಹಾಕುತ್ತೇನೆ, ತಾವು ಅದನ್ನೇ ಅವರ ಫೋನಿಗೆ ಕಳಿಸುತ್ತೀರಿ. ತಮ್ಮ ನಿಖರತೆ ಬಹಳ ಸುಧಾರಿಸಿದೆ ಎಂದು ನಿರ್ದೇಶಕರು ಮೆಚ್ಚಿಕೊಂಡಿದ್ದಾರೆ. ಸುಬ್ಬಾತಾಳ್ ಅಮ್ಮ ಮಾತ್ರ, ಅದು ಬೆಳಿಗ್ಗೆ ಅವರೇ ಹೇಳಿದ್ದಾದರೂ, ಸಂದೇಶ ಬರುವವರೆಗೆ ಮೋಟರು ಮುಟ್ಟುವುದಿಲ್ಲ.